ಒಂದೇ ಕಾರ್ಪೆಟ್, ಎರಡು ನೀರು

ಪ್ರಶ್ನೆ: ನಾನು ಶಾಲೆಯಲ್ಲಿ ಶಿಕ್ಷಕಿ. ಮನೆ ಶಿರಸಿ ಹತ್ತಿರ, ಕೆಲಸ ಕಾರವಾರದಲ್ಲಿ. ಶನಿವಾರ ದೇವಿಮನೆ ಘಟ್ಟ ಹತ್ತಿ ಊರಿಗೆ ಹೋಗುತ್ತೇನೆ, ಸೋಮವಾರ ಬೆಳಿಗ್ಗೆ ಇಳಿದು ಬರುತ್ತೇನೆ. ಕಾರು 2006ರ ಪೆಟ್ರೋಲ್ ಗಾಡಿ. ಈ ಮಳೆಗಾಲ ಶುರುವಾದಾಗಿಂದ ಮುಂದಿನ ಎಡ ಸೀಟಿನ ಕಾಲ ಬಳಿ ನೀರು. ಬಲಕ್ಕೆ ತಿರುಗಿದರೆ ಡ್ಯಾಶ್‌ಬೋರ್ಡ್ ಕೆಳಗಿಂದ ತಣ್ಣನೆ ನೀರು ಚೆಲ್ಲಿ ಅಮ್ಮನ ಸೀರೆ ಅಂಚು ಒದ್ದೆಯಾಗುತ್ತದೆ. ಒಬ್ಬರು ಡ್ರೈನ್ ಪೈಪಿಗೆ ಗಾಳಿ ಹೊಡೆದರು. ಒಂದು ವಾರ ಸರಿ ಇತ್ತು, ಮತ್ತೆ ಅದೇ ಕತೆ. ಇನ್ನೊಬ್ಬರು ಹೀಟರ್ ಬಾಕ್ಸ್ ಒಡೆದಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು ಅಂದರು. ಮೂರನೆಯವರು ಕೆಳಗೆಲ್ಲ ಸಿಲಿಕಾನ್ ಹಚ್ಚಿ ಕೊಟ್ಟರು. ಶಾಲೆಯ ಎದುರು ಗಾಳಿಮರದ ಕೆಳಗೆ ಎರಡು ದಿನ ಸುಮ್ಮನೆ ನಿಂತಿದ್ದಾಗಲೂ ಮ್ಯಾಟ್ ಒದ್ದೆಯಾಗಿತ್ತು. ಬ್ಲೋವರ್ ಹಾಕಿದರೆ ಕರಿ ಪುಡಿ ಹಾರುತ್ತದೆ. ಒಳಗೆ ಮುಗ್ಗಲು ವಾಸನೆ, ಗಾಜಿಗೆ ಸದಾ ಮಂಜು. ನಿಜವಾಗಿ ಏನಾಗಿದೆ?

ಉತ್ತರ:

ಅಕ್ಕೋರೇ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೊದಲ ಸಲ ಡ್ರೈನ್ ಪೈಪ್ ಕಟ್ಟಿದೆ, ಅಷ್ಟೇ ಅನ್ನಿಸಿತು. ಎರಡನೇ ಸಲ ಓದುವಾಗ ಗಾಳಿಮರದ ಸಾಲು ಕಣ್ಣಿಗೆ ಬಿತ್ತು. ಎರಡು ದಿನ ಗಾಡಿ ಸ್ಟಾರ್ಟೇ ಮಾಡಿಲ್ಲ, ಎಸಿ ಹಾಕಿಲ್ಲ, ಆದರೂ ಮ್ಯಾಟ್ ಒದ್ದೆ. ಎಸಿ ಹಾಕದ ಗಾಡಿಯಲ್ಲಿ ಎಸಿ ನೀರು ಎಲ್ಲಿಂದ ಬರಬೇಕು? ಹಾಗಂತ ಬಲ ತಿರುವಿನಲ್ಲಿ ಚೆಲ್ಲುವ ತಣ್ಣನೆ ನೀರು ಮಳೆ ನೀರೂ ಅಲ್ಲ. ಅದು ಎಸಿಯದ್ದೇ. ಅಂದರೆ ನಿಮ್ಮ ಗಾಡಿಯಲ್ಲಿ ಇರುವುದು ಎರಡು ನೀರು. ಎರಡೂ ಒಂದೇ ಕಾರ್ಪೆಟ್ಟಿಗೆ ಬಂದು ಸೇರುತ್ತಿರುವುದರಿಂದ ಒಂದೇ ಸೋರಿಕೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಒಂದನ್ನು ಸರಿ ಮಾಡಿದಾಗ ಇನ್ನೊಂದು ಉಳಿಯುತ್ತದೆ. ಮೂವರೂ ಮೆಕ್ಯಾನಿಕರು ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ.

ಮೊದಲು ಎರಡನೆಯವರು ಹೀಟರ್ ಬಾಕ್ಸ್ ಅಂದರಲ್ಲ, ಆ ಡಬ್ಬಿಯ ವಿಷಯ ಹೇಳಿಬಿಡುತ್ತೇನೆ. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ನಿಮ್ಮ ಕಾಲದ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಒಂದಲ್ಲ, ಮೂರು ಡಬ್ಬಿಗಳು ಪಕ್ಕಪಕ್ಕ ಕೂತಿರುತ್ತವೆ. ಎಡ ತುದಿಗೆ ಬ್ಲೋವರ್, ಅಂದರೆ ಫ್ಯಾನ್. ಅದರ ಬಲಕ್ಕೆ ಕೂಲಿಂಗ್ ಕಾಯಿಲ್. ಅದರಾಚೆ, ಡ್ಯಾಶ್‌ಬೋರ್ಡಿನ ನಡುವೆ ಹೀಟರ್ ಕಾಯಿಲ್. ಮುಂದಿನ ಗಾಜಿನ ಕೆಳಗೆ, ವೈಪರ್ ಇರುವ ಕಡೆ ಒಂದು ಜಾಲರಿ ಇದೆಯಲ್ಲ, ಅಲ್ಲಿಂದ ಹೊರಗಿನ ಗಾಳಿ ಬ್ಲೋವರಿಗೆ ಇಳಿಯುತ್ತದೆ. ಅಲ್ಲಿಂದ ತಣ್ಣನೆ ಕಾಯಿಲ್ ದಾಟಿ, ಬೇಕಾದರೆ ಬಿಸಿ ಕಾಯಿಲ್ ದಾಟಿ, ನಿಮ್ಮ ಮುಖಕ್ಕೋ ಕಾಲಿಗೋ ಬರುತ್ತದೆ. ಡಬ್ಬಿಗಳ ನಡುವೆ, ಡಬ್ಬಿಗೂ ತಗಡಿಗೂ ನಡುವೆ ಫೋಮ್ ಪಟ್ಟಿ ಇರುತ್ತದೆ. ಕೂಲಿಂಗ್ ಕಾಯಿಲಿನ ಕೆಳಗೆ ಒಂದು ತಟ್ಟೆ, ತಟ್ಟೆಯಿಂದ ಒಂದು ರಬ್ಬರ್ ಪೈಪು, ಅದೇ ಡ್ರೈನ್ ಪೈಪು. ಅದು ಇಂಜಿನ್ ಕಡೆಯ ತಗಡನ್ನು, ಅಂದರೆ ಫೈರ್‌ವಾಲನ್ನು ತೂತು ಮಾಡಿಕೊಂಡು ಗಾಡಿಯ ಕೆಳಗೆ ಹೋಗುತ್ತದೆ.

ಹಾಗಾಗಿ ಡಬ್ಬಿಯೊಳಗೆ ನೀರಿರುವುದು ರೋಗವೇ ಅಲ್ಲ. ಅದು ನೀರು ಹುಟ್ಟಬೇಕಾದ ಜಾಗ. ನಮ್ಮ ಕರಾವಳಿಯಲ್ಲಿ ಎಷ್ಟು ಹುಟ್ಟುತ್ತದೆ ಗೊತ್ತಾ? 32 ಡಿಗ್ರಿ ಬಿಸಿ, ಶೇಕಡಾ 80 ತೇವ ಇರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 27 ಗ್ರಾಂ ನೀರು ಆವಿಯಾಗಿ ಇರುತ್ತದೆ. ಅದೇ ಗಾಳಿಯನ್ನು 10 ಡಿಗ್ರಿಗೆ ತಣಿಸಿದರೆ ಅದು ಹಿಡಿದಿಟ್ಟುಕೊಳ್ಳುವುದು 9 ಗ್ರಾಂ ಚಿಲ್ಲರೆ. ಉಳಿದ 17 ಗ್ರಾಂ ಕಾಯಿಲಿನ ಮೇಲೆ ಹನಿಯಾಗಿ ಇಳಿಯಬೇಕು. ನೂರು ಘನ ಮೀಟರ್ ಹೊರಗಿನ ಗಾಳಿ ಹಾದರೆ ಒಂದೂಮುಕ್ಕಾಲು ಲೀಟರ್ ಹತ್ತಿರ ಆಯಿತು. ಕಾರವಾರದಿಂದ ಕುಮಟಾ ಮುಟ್ಟುವಷ್ಟರಲ್ಲಿ ಬ್ಲೋವರ್ ಅದಕ್ಕಿಂತ ಜಾಸ್ತಿ ಗಾಳಿ ಎಳೆದಿರುತ್ತದೆ. ಬಳ್ಳಾರಿ ಕಡೆಯ ಒಣ ಬೇಸಿಗೆ ನೋಡಿ: 40 ಡಿಗ್ರಿ ಇದ್ದರೂ ತೇವ ಶೇಕಡಾ 20 ಮಾತ್ರ ಇದ್ದರೆ ಅಲ್ಲಿನ ಗಾಳಿಯಲ್ಲಿ ನೀರು ಸುಮಾರು 10 ಗ್ರಾಂ. ಅಲ್ಲಿ ಡ್ರೈನ್ ಪೈಪ್ ಕಟ್ಟಿದ್ದರೂ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗದೆ ಹೋಗಬಹುದು. ನಮ್ಮಲ್ಲಿ ಒಂದೇ ಮಧ್ಯಾಹ್ನ ಸಾಕು.

ಹಾಗಾಗಿ ಇಲ್ಲಿ ಸಿಲಿಕಾನ್ ಹಚ್ಚಿ ನೀರು ತಡೆಯುತ್ತೇನೆ ಅನ್ನುವುದು ಬಚ್ಚಲ ಮೋರಿಗೆ ಬಟ್ಟೆ ತುರುಕಿದ ಹಾಗೆ. ನಗಬೇಡಿ, ನಾನೂ ಇದನ್ನು ಮಾಡಿದ್ದೇನೆ. ಕೆಲಸ ಕಲಿಯುವ ದಿನಗಳಲ್ಲಿ ಒಂದು ಗಾಡಿಯ ಅಡಿ ಮಲಗಿದ್ದಾಗ ಫೈರ್‌ವಾಲಿನಿಂದ ಒಂದು ರಬ್ಬರ್ ಮೂತಿ ಹೊರಗೆ ಬಂದು ತೊಟ್ಟಿಕ್ಕುತ್ತಿತ್ತು. ಯಾವುದೋ ಪೈಪ್ ಕಡಿದಿದೆ ಅಂದುಕೊಂಡು ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದು ಕೊಟ್ಟೆ. ಮರುದಿನ ಗಾಡಿಯವರು ಬರಿಗಾಲಲ್ಲಿ ಬಂದರು, ಬೂಟು ಕೈಯಲ್ಲಿ ಹಿಡಿದುಕೊಂಡು.

ಈಗ ನಿಮ್ಮ ಗಾಡಿಗೆ ಬರೋಣ. ಏನನ್ನೂ ಬಿಚ್ಚುವ ಮೊದಲು ಯಾವ ನೀರು ಅಂತ ಗೊತ್ತಾಗಬೇಕು. ಎರಡು ಅಂತ ಹೇಳಿದೆ. ಮೂರನೆಯದೂ ಒಂದಿದೆ, ಅದು ಕೂಲೆಂಟ್, ಅಂದರೆ ಇಂಜಿನ್ ತಂಪು ಮಾಡುವ ದ್ರವ. ಹೀಟರ್ ಕಾಯಿಲಿನಲ್ಲಿ ಹರಿಯುವುದೂ ಅದೇ. ಅದನ್ನು ಮೊದಲೇ ಪಟ್ಟಿಯಿಂದ ತೆಗೆದುಹಾಕೋಣ, ಯಾಕೆಂದರೆ ಗಾಡಿಗೆ ನಿಜವಾದ ಹಾನಿ ಮಾಡುವುದು ಅದೇ. ಬಿಳಿ ಕಾಗದವನ್ನು ಒದ್ದೆ ಕಾರ್ಪೆಟ್ಟಿಗೆ ಒತ್ತಿ, ನೆರಳಲ್ಲಿ ಒಣಗಿಸಿ. ಬರೀ ನೀರಾದರೆ ಕಾಗದ ಸುಕ್ಕಾಗಿ ಒಣಗುತ್ತದೆ. ಕೂಲೆಂಟ್ ಆದರೆ ಎಣ್ಣೆ ಕಲೆಯ ಹಾಗೆ ಉಳಿಯುತ್ತದೆ, ಬೆರಳಿಗೆ ಅಂಟಂಟು, ಸಿಹಿ ವಾಸನೆ. ಹಸಿರೋ ಗುಲಾಬಿಯೋ ಬಣ್ಣವೂ ಕಾಣಬಹುದು. ದಯವಿಟ್ಟು ನಾಲಿಗೆಗೆ ಇಟ್ಟು ನೋಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿಯಾಗಿರುತ್ತದೆ ಅಂತ ನಾಯಿ ಬೆಕ್ಕು ನೆಕ್ಕುತ್ತವೆ, ಹಾಗಾಗಿ ನೆಲದ ಮೇಲೂ ಬಿಡಬೇಡಿ. ಇನ್ನೊಂದು ಗುರುತು ಗಾಜಿನ ಮಂಜು. ಬಟ್ಟೆಯಲ್ಲಿ ಒರೆಸಿದಾಗ ಸ್ವಚ್ಛವಾಗಿ ಹೋದರೆ ಅದು ಒದ್ದೆ ಕಾರ್ಪೆಟ್ಟಿನ ಹಬೆ. ಒರೆಸಿದಷ್ಟೂ ಜಿಡ್ಡಾಗಿ ಹರಡಿದರೆ ಹೀಟರ್ ಕಾಯಿಲಿನ ಹಬೆ. ಬಾನೆಟ್ ತೆಗೆದು ಕೂಲೆಂಟ್ ಬಾಟಲಿಯ ಮಟ್ಟಕ್ಕೆ ಪೆನ್ನಲ್ಲಿ ಗೆರೆ ಹಾಕಿ, ಒಂದು ವಾರ ನೋಡಿ. ಇಂಜಿನ್ ತಣ್ಣಗಿರುವಾಗ ಮಾತ್ರ. ಬಿಸಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬಾರದು. ನೀವು ಬರೆದಿದ್ದರಲ್ಲಿ ಸಿಹಿ ವಾಸನೆಯ ಸುದ್ದಿ ಇಲ್ಲ, ಮುಗ್ಗಲು ವಾಸನೆ ಇದೆ. ಹಾಗಾಗಿ ಕೂಲೆಂಟ್ ಅಲ್ಲ ಅಂತಲೇ ನನ್ನ ಅಂದಾಜು.

ಉಳಿದ ಎರಡನ್ನು ಬೇರೆ ಮಾಡುವುದು ಸುಲಭ, ತಾಳ್ಮೆ ಬೇಕು ಅಷ್ಟೇ. ಮಳೆ ಇಲ್ಲದ ಹೊತ್ತಲ್ಲಿ, ಅಥವಾ ಶೆಡ್ಡಿನೊಳಗೆ, ಕಾರ್ಪೆಟ್ ಮೇಲಕ್ಕೆತ್ತಿ ಕೆಳಗೆ ಹಳೆ ಪೇಪರ್ ಹಾಸಿ. ಶೆಡ್ಡಾದರೆ ಬಾಗಿಲು ಪೂರ್ತಿ ತೆರೆದಿರಲಿ, ಇಂಜಿನ್ ಹೊಗೆ ಒಳಗೆ ನಿಲ್ಲಬಾರದು. ಎಸಿ ಜೋರಾಗಿ ಹಾಕಿ, ಹೊರಗಿನ ಗಾಳಿಯ ಗುಂಡಿಯಲ್ಲಿಟ್ಟು, 20 ನಿಮಿಷ ಗಾಡಿ ನಿಂತಲ್ಲೇ ಓಡಿಸಿ. ಕಾರವಾರದಲ್ಲಿ ಆದರೆ ಅಷ್ಟರಲ್ಲಿ ಗಾಡಿಯಡಿ ಕೈಯಗಲದ ಕೆರೆ ಆಗಲೇಬೇಕು. ಕೆಳಗೆ ಒಣ, ಒಳಗೆ ಪೇಪರ್ ಒದ್ದೆ ಅಂದರೆ ಪೈಪ್ ಕಟ್ಟಿದೆ. ಕೆಳಗೂ ತೊಟ್ಟಿಕ್ಕುತ್ತಿದೆ, ಒಳಗೂ ಒದ್ದೆ ಅಂದರೆ ಪೈಪ್ ಅರ್ಧ ಕಟ್ಟಿದೆ, ಇಲ್ಲವೇ ಡಬ್ಬಿಯ ಮೂತಿಯಿಂದ ಜಾರಿದೆ, ಇಲ್ಲವೇ ತಣ್ಣನೆ ಪೈಪ್ ಬೆವರುತ್ತಿದೆ. ಆ ಕೊನೆಯದರ ಬಗ್ಗೆ ಆಮೇಲೆ ಹೇಳುತ್ತೇನೆ.

ಇನ್ನೊಂದು ದಿನ ಎಸಿ ಮುಟ್ಟಬೇಡಿ. ಒಣ ಪೇಪರ್ ಹಾಸಿ. ಮಗ್ಗಿನಲ್ಲಿ ನೀರು ತೆಗೆದುಕೊಂಡು ವೈಪರ್ ಜಾಲರಿಯ ಎಡ ತುದಿಗೆ ನಿಧಾನ ಸುರಿಯಿರಿ. ಐದು ನಿಮಿಷ. ಒಳಗೆ ಒಬ್ಬರು ಟಾರ್ಚ್ ಹಿಡಿದು ನೋಡುತ್ತಿರಲಿ. ಆಮೇಲೆ ಜಾಲರಿಯ ನಡುವೆ, ಆಮೇಲೆ ಗಾಜಿನ ಕೆಳ ಅಂಚು, ಆಮೇಲೆ ಮೇಲಂಚು. ಯಾವಾಗಲೂ ಕೆಳಗಿಂದ ಮೇಲಕ್ಕೆ ಹೋಗಬೇಕು. ಮೊದಲೇ ಮೇಲಿಂದ ಸುರಿದರೆ ಎಲ್ಲ ಕಡೆ ಒದ್ದೆಯಾಗಿ ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಬೇಡವೇ ಬೇಡ. ಅದು ಸೋರದ ಜಾಗದಲ್ಲೂ ನೀರು ನುಗ್ಗಿಸುತ್ತದೆ.

ಇಲ್ಲಿ ನಿಮಗೊಂದು ಅನುಕೂಲ ಇದೆ. ನಿಮ್ಮ ಹತ್ತಿರ ಚಾಕ್‌ಪೀಸಿಗೆ ಬರವಿಲ್ಲ. ನೀರು ಸುರಿಯುವ ಮೊದಲು ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹೋಗುವಷ್ಟು ದೂರ, ಫೈರ್‌ವಾಲಿನ ಒಣ ತಗಡಿಗೂ ಡಬ್ಬಿಯ ಹೊರಮೈಗೂ ಚಾಕ್ ಉಜ್ಜಿಬಿಡಿ. ನೀರು ಬಂದ ದಾರಿಯಲ್ಲಿ ಪುಡಿ ತೊಳೆದು ಕಪ್ಪು ಗೆರೆ ಮೂಡುತ್ತದೆ. ಆ ಗೆರೆಯ ಮೇಲಿನ ತುದಿ ಎಲ್ಲಿದೆಯೋ ಅಲ್ಲಿಂದ ಹುಡುಕಿದರೆ ಸೋರುವ ಜಾಗ ಸಿಗುತ್ತದೆ. ನೀರು ಬಿದ್ದ ಜಾಗದ ಮೇಲೆಯೇ ತೂತು ಇರುತ್ತದೆ ಅಂತ ನಂಬಬೇಡಿ. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು. ಒಡೆದ ಹಂಚು ಒಂದು ಕಡೆ, ರೀಪು ಹಿಡಿದು ಹರಿದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಗೆರೆ ಸರಿಯಾಗಿ ಕಾಣದಿದ್ದರೆ ಮಗ್ಗಿನ ನೀರಿಗೆ ಬಟ್ಟೆ ನೀಲಿ ಎರಡು ಹನಿ ಹಾಕಿ, ಒಳಗೆ ಬಿಳಿ ಬಟ್ಟೆ ಹಾಸಿ. ಅರಿಶಿನ ಹಾಕಬೇಡಿ, ಕಲೆ ಹೋಗುವುದಿಲ್ಲ.

ನನಗನ್ನಿಸುವುದು, ಜಾಲರಿಯ ಎಡ ತುದಿಗೆ ಸುರಿದಾಗಲೇ ನಿಮ್ಮ ಗಾಡಿ ಒಳಗೆ ಸೋರುತ್ತದೆ. ಕಾರಣ ಎರಡು. ಒಂದು ಗಾಳಿಮರ, ಇನ್ನೊಂದು ಆ ಕರಿ ಪುಡಿ.

ಮಾವಿನೆಲೆ, ಹಲಸಿನೆಲೆ ಜಾಲರಿಯ ಮೇಲೆಯೇ ನಿಲ್ಲುತ್ತವೆ, ಗುಡಿಸಿದರೆ ಹೋಯಿತು. ಗಾಳಿಮರದ ಕಡ್ಡಿ ಹಾಗಲ್ಲ. ಸೂಜಿಯ ಹಾಗೆ ಸಣ್ಣ. ಜಾಲರಿಯ ಕಣ್ಣಿನಲ್ಲಿ ನೆಟ್ಟಗೆ ಇಳಿದು ಕೆಳಗಿನ ತಗಡಿನ ತೊಟ್ಟಿಯಲ್ಲಿ ಚಾಪೆ ನೇಯುತ್ತದೆ. ಕಾರವಾರದ ಬೀಚ್ ಬದಿ ನಿಲ್ಲುವ ಗಾಡಿಗಳ ಜಾಲರಿ ಬಿಚ್ಚಿದಾಗೆಲ್ಲ ನನಗೆ ಸಿಗುವುದು ಇದೇ ಚಾಪೆ. ಕೆಲವು ಸಲ ಅದರಲ್ಲಿ ಮರಳು ಸೇರಿ ಗಿಡ ಹುಟ್ಟಿದ್ದೂ ಇದೆ. ಆ ತೊಟ್ಟಿಯ ಎರಡು ತುದಿಯಲ್ಲಿ ನೀರು ಇಳಿದುಹೋಗಲು ತೂತು ಇರುತ್ತದೆ. ಕೆಲವು ಗಾಡಿಗಳಲ್ಲಿ ತೂತಿಗೆ ರಬ್ಬರಿನ ತುಟಿ ಇರುತ್ತದೆ, ಅದು ಕಸ ಹಿಡಿದುಕೊಳ್ಳುವುದರಲ್ಲಿ ನಿಸ್ಸೀಮ. ತೂತು ಮುಚ್ಚಿದರೆ ತೊಟ್ಟಿ ತುಂಬುತ್ತದೆ. ಬ್ಲೋವರಿಗೆ ಗಾಳಿ ಇಳಿಯುವ ಬಾಯಿಗೆ ಒಂದು ಎತ್ತರದ ಕಟ್ಟೆ ಇದೆ. ಬಾವಿಕಟ್ಟೆ ಅಂದುಕೊಳ್ಳಿ. ನೀರು ಆ ಕಟ್ಟೆ ದಾಟಿದರೆ ನೇರ ಬ್ಲೋವರಿನೊಳಗೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆ ತೂತುಗಳಿಗೆ ಪುರಸೊತ್ತೇ ಇಲ್ಲ.

ಕರಿ ಪುಡಿ ಆ ಬಾಯಿಗೂ ಬ್ಲೋವರ್ ಡಬ್ಬಿಗೂ ನಡುವಿನ ಫೋಮ್. ಹದಿನೈದು ಇಪ್ಪತ್ತು ವರ್ಷಕ್ಕೆ ಅದು ಸುಟ್ಟ ರೊಟ್ಟಿಯ ಹಾಗೆ ಪುಡಿಯಾಗುತ್ತದೆ. ಆಮೇಲೆ ಕಟ್ಟೆ ದಾಟಿದ ನೀರು ಎರಡು ದಾರಿ ಹಿಡಿಯುತ್ತದೆ. ಸ್ವಲ್ಪ ಡಬ್ಬಿಯೊಳಗೆ, ಸ್ವಲ್ಪ ಡಬ್ಬಿಯ ಹೊರಮೈ ಸವರಿಕೊಂಡು ಕಾರ್ಪೆಟ್ಟಿಗೆ. ಜೋರು ಮಳೆ ಆದ ಮೇಲೆ ಬ್ಲೋವರ್ ಹಾಕಿದಾಗ ಗಳಗಳ ಸದ್ದು ಬರುತ್ತದಾ? ಬಂದರೆ ಅನುಮಾನವೇ ಬೇಡ.

ಇನ್ನು ಈ ಎರಡು ನೀರಿನ ನಂಟು ನೋಡಿ. ನಿಮ್ಮ ಡ್ರೈನ್ ಪೈಪಿಗೆ ಗಾಳಿ ಹೊಡೆದರು, ವಾರಕ್ಕೆ ಮತ್ತೆ ಕಟ್ಟಿತು. ಬರೀ ಧೂಳಾದರೆ ಒಂದು ವಾರದಲ್ಲಿ ಕಟ್ಟುವುದಿಲ್ಲ. ವರ್ಷಗಟ್ಟಲೆ ಬೇಕು. ಬೇಗ ಬೇಗ ಕಟ್ಟುತ್ತಿದೆ ಅಂದರೆ ಮೇಲಿಂದ ಕಸ ಬರುತ್ತಲೇ ಇದೆ ಅಂತ. ಗಾಳಿಮರದ ಕಡ್ಡಿ ಚೂರು, ಫೋಮ್ ಪುಡಿ, ಎರಡೂ ಮಳೆ ನೀರಿನ ಜೊತೆ ಬ್ಲೋವರಿಗೆ ಇಳಿದು, ಗಾಳಿಯಲ್ಲಿ ಹಾರಿ ಕೂಲಿಂಗ್ ಕಾಯಿಲಿನ ಮುಖಕ್ಕೆ ಅಂಟುತ್ತವೆ. ಹಳೆಯ ಗಾಡಿಗಳಲ್ಲಿ ನಡುವೆ ಫಿಲ್ಟರ್ ಇರುವುದು ಕಡಿಮೆ. ಕಾಯಿಲಿನ ಮೇಲೆ ಹುಟ್ಟಿದ ನೀರು ಅವನ್ನು ತೊಳೆದು ತಟ್ಟೆಗೆ ತರುತ್ತದೆ, ತಟ್ಟೆಯಿಂದ ಪೈಪಿನ ಬಾಯಿಗೆ. ತಟ್ಟೆ ತುಂಬಿ ನಿಂತ ನೀರು ಬಲ ತಿರುವಿನಲ್ಲಿ ಎಡಕ್ಕೆ ವಾಲಿ ಚೆಲ್ಲುತ್ತದೆ. ಘಟ್ಟ ಹತ್ತುವಾಗ ಗಾಡಿಯ ಮೂತಿ ಮೇಲಾಗಿ ಹಿಂಬದಿಯ ಜೋಡಣೆಯಿಂದ ಸೋರುತ್ತದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ದೇವಿಮನೆಯ ತಿರುವುಗಳು ಎಷ್ಟು ಅಂತ ನಾನು ನಿಮಗೆ ಹೇಳಬೇಕಾ? ಪಾಪ, ಅಮ್ಮನ ಸೀರೆ ಒದ್ದೆಯಾಗದೆ ಇನ್ನೇನಾಗಬೇಕು.

ಹಾಗಾಗಿ ಕೆಲಸ ಮೇಲಿಂದ ಶುರುವಾಗಬೇಕು, ಪೈಪಿನಿಂದಲ್ಲ.

ವೈಪರ್ ತೋಳು ತೆಗೆಯುವ ಮೊದಲು ಗಾಜಿನ ಮೇಲೆ ಅದು ನಿಲ್ಲುವ ಜಾಗಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ, ಇಲ್ಲದಿದ್ದರೆ ವಾಪಸ್ ಹಾಕಿದ ಮೇಲೆ ವೈಪರ್ ಗಾಜು ಬಿಟ್ಟು ಗಾಜಿನ ಪಕ್ಕದ ಕಂಬಕ್ಕೆ ಬಡಿಯುತ್ತದೆ. ಜಾಲರಿಯ ಪ್ಲಾಸ್ಟಿಕ್ ಕ್ಲಿಪ್ಪುಗಳು ಈ ವಯಸ್ಸಿಗೆ ಮುರಿದೇ ಮುರಿಯುತ್ತವೆ. ಬೈದುಕೊಳ್ಳಬೇಡಿ, ಮೊದಲೇ ಹತ್ತು ತಂದಿಟ್ಟುಕೊಳ್ಳಿ. ಕಸವನ್ನು ಕೈಯಲ್ಲೇ ಎತ್ತಿ. ನೀರು ಬಿಟ್ಟು ತೂತಿನ ಕಡೆ ತಳ್ಳಬೇಡಿ, ಅದು ಒಳಗೆ ಹೋಗಿ ಗಟ್ಟಿಯಾಗಿ ಕೂರುತ್ತದೆ. ಬ್ಲೋವರ್ ಬಾಯಿಗೆ ಹಳೆ ಟವೆಲ್ ಮುಚ್ಚಿಟ್ಟು ಕೆಲಸ ಮಾಡಿ. ಟವೆಲ್ ತೆಗೆಯಲು ಮರೆಯಬೇಡಿ. ತೊಟ್ಟಿ ಖಾಲಿಯಾದ ಮೇಲೆ ತಗಡಿನ ಜೋಡಣೆಗಳನ್ನು ನೋಡಿ. ಅಲ್ಲಿ ಬಳಿದಿರುವ ಬೂದು ಸೀಲರ್ ಬಿರುಕು ಬಿಟ್ಟಿದ್ದರೆ ಕೆಳಗೆ ತುಕ್ಕು ಇರುತ್ತದೆ. ಸ್ಕ್ರೂಡ್ರೈವರ್ ತುದಿಯಲ್ಲಿ ಮೆಲ್ಲಗೆ ಒತ್ತಿ ನೋಡಿ. ಗಟ್ಟಿ ಇದ್ದರೆ ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿ, ಹೊಸ ಸೀಮ್ ಸೀಲರ್ ಹಾಕಿ. ತೂತಾದರೆ ವೆಲ್ಡಿಂಗ್ ಕೆಲಸ, ಅದಕ್ಕೆ ಟಿಂಕರ್ ಹತ್ತಿರವೇ ಹೋಗಬೇಕು. ಉಪ್ಪು ಗಾಳಿಯ ಊರಲ್ಲಿ ಇದನ್ನು ಮುಂದೂಡಿದಷ್ಟೂ ತೂತು ದೊಡ್ಡದಾಗುತ್ತದೆ.

ಫೋಮ್ ಬದಲಿಸಲು ಡ್ಯಾಶ್‌ಬೋರ್ಡ್ ಬಿಚ್ಚಬೇಕಾ? ನಿಮ್ಮ ಕಾಲದ ಹೆಚ್ಚಿನ ಸಣ್ಣ ಗಾಡಿಗಳಲ್ಲಿ ಬೇಡ. ಗ್ಲೋವ್ ಬಾಕ್ಸ್ ತೆಗೆದರೆ ಬ್ಲೋವರ್ ಡಬ್ಬಿ ಕಾಣುತ್ತದೆ. ಕೆಲವೇ ಬೋಲ್ಟು, ಒಂದೆರಡು ವೈರ್ ಸಾಕೆಟ್ಟು, ಗಾಳಿ ಬಾಗಿಲಿನ ಒಂದು ಕೇಬಲ್. ಅಷ್ಟು ಬಿಚ್ಚಿದರೆ ಡಬ್ಬಿ ಕೈಗೆ ಬರುತ್ತದೆ. ಎಸಿ ಗ್ಯಾಸಿನ ಪೈಪುಗಳು ಇದಕ್ಕೆ ತಾಗುವುದೇ ಇಲ್ಲ. ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಗಾಡಿಗೆ ಏರ್‌ಬ್ಯಾಗ್ ಇದ್ದರೆ ಹಳದಿ ಸಾಕೆಟ್ಟುಗಳನ್ನು ಮುಟ್ಟದೆ ಈ ಕೆಲಸವನ್ನು ಗೊತ್ತಿರುವವರಿಗೇ ಬಿಡಿ. ಡಬ್ಬಿ ಹೊರಗೆ ಬಂದಾಗ ಒಳಗೆ ಇಲಿಗೂಡು ಸಿಕ್ಕಿದರೆ ಬೆಚ್ಚಬೇಡಿ. ಶಿರಸಿ ಕಡೆಯ ಗಾಡಿಗಳಲ್ಲಿ ತೆಂಗಿನ ನಾರು, ಅಡಿಕೆ ಸಿಪ್ಪೆ ಎಲ್ಲ ಸಿಗುತ್ತದೆ.

ಹೊಸ ಫೋಮ್ ಯಾವುದು ಅನ್ನುವುದು ಮುಖ್ಯ. ಸೋಫಾ ಫೋಮ್ ಕತ್ತರಿಸಿ ಹಾಕುವವರಿದ್ದಾರೆ. ಅದು ಸ್ಪಂಜು, ನೀರು ಕುಡಿದು ಸದಾ ಒದ್ದೆ ಇರುತ್ತದೆ, ತಗಡು ತುಕ್ಕು ಹಿಡಿಯುತ್ತದೆ. ಮನೆ ಎಸಿ ಹಾಕುವವರು ತಾಮ್ರದ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ಫೋಮ್ ಇದೆಯಲ್ಲ, ಅದರ ಹಾಳೆ ಆಗುತ್ತದೆ. ಪರೀಕ್ಷೆ ಸುಲಭ. ಚೂರು ತೆಗೆದುಕೊಂಡು ನೀರಲ್ಲಿ ಮುಳುಗಿಸಿ ಹಿಂಡಿ, ಹೊರಗೆ ತೆಗೆದು ಮತ್ತೆ ಹಿಂಡಿ. ನೀರು ಬರದಿದ್ದರೆ ಒಳ್ಳೆಯ ಫೋಮ್. ಹಳೆಯ ಅಂಟನ್ನು ಪೂರ್ತಿ ಕೆರೆದು, ಒರೆಸಿ, ಒಣಗಿದ ಮೇಲೆ ಅಂಟಿಸಿ. ಸಂದಿಗಿಂತ ಸ್ವಲ್ಪ ದಪ್ಪ ಇರಬೇಕು, ಬೋಲ್ಟ್ ಬಿಗಿದಾಗ ಒತ್ತಿ ಕೂರಬೇಕು. ಜಾಸ್ತಿ ದಪ್ಪವಾದರೆ ಡಬ್ಬಿಯ ಕಿವಿ ಮುರಿಯುತ್ತದೆ. ಎರಡು ತುದಿ ಸೇರುವ ಜಾಗ ಮೇಲ್ಗಡೆ ಬರಲಿ, ಕೆಳಗೆ ಬೇಡ.

ಈಗ ಡ್ರೈನ್ ಪೈಪು. ಮೊದಲು ಮೂರನೆಯವರು ಹಚ್ಚಿದ ಸಿಲಿಕಾನ್ ಕೆರೆದು ತೆಗೆಯಿರಿ. ಅದು ಪೈಪಿನ ಬಾಯಿಯನ್ನೂ ಅರ್ಧ ಮುಚ್ಚಿರಬಹುದು. ವಿನೆಗರ್ ವಾಸನೆ ಬರುವ ಸಿಲಿಕಾನ್ ತಗಡನ್ನು ತಿನ್ನುತ್ತದೆ, ಹಾಗಾಗಿ ಅದು ಗಾಡಿಯಲ್ಲಿ ಎಲ್ಲೂ ಬೇಡ. ಪೈಪ್ ಬಿಡಿಸಲು ಕಬ್ಬಿಣದ ತಂತಿ ಹಾಕಬೇಡಿ. ಕಾಯಿಲ್ ಅಲ್ಯುಮಿನಿಯಂದು, ತುಂಬಾ ತೆಳು. ತಂತಿ ತಪ್ಪಿ ಮೇಲೆ ಹೋಗಿ ಚುಚ್ಚಿದರೆ ಗ್ಯಾಸ್ ಹೋಯಿತು, ಕಾಯಿಲ್ಲೂ ಹೋಯಿತು. ನಿಮ್ಮ ಮನೆಯಲ್ಲಿ ತೋಟ ಇದ್ದರೆ ಹುಲ್ಲು ಹೊಡೆಯುವ ಮಿಷನ್ ಇರುತ್ತದೆ. ಅದರ ನೈಲಾನ್ ದಾರ ಒಂದು ಮೊಳ ಕತ್ತರಿಸಿ ತುದಿಯನ್ನು ಬೆಂಕಿಗೆ ಹಿಡಿದು ದುಂಡಗೆ ಮಾಡಿ. ಗಾಡಿಯನ್ನು ಭದ್ರ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ಕೆಳಗಿಂದ ದಾರ ತೂರಿಸಿ ಮೆಲ್ಲಗೆ ತಿರುಗಿಸಿ. ಒಮ್ಮೆಲೇ ಲೋಟಗಟ್ಟಲೆ ಕಂದು ನೀರು ಬರುತ್ತದೆ, ಬಾಯಿ ಮುಚ್ಚಿಕೊಂಡಿರಿ. ಕೆಲವು ಸಲ ಮೂತಿಯಲ್ಲಿ ಗಟ್ಟಿ ಮಣ್ಣು ಸಿಗುತ್ತದೆ. ಅದು ಗೂಡು ಕಟ್ಟುವ ಕಣಜದ ಕೆಲಸ. ಬೇಸಿಗೆಯಲ್ಲಿ ಗಾಡಿ ತಿಂಗಳು ನಿಂತರೆ ಆ ಮೂತಿ ಅದಕ್ಕೆ ಹೇಳಿ ಮಾಡಿಸಿದ ಮನೆ.

ಗ್ಯಾರೇಜಿನ ಕಂಪ್ರೆಸರ್ ಗಾಳಿ ಯಾಕೆ ಬೇಡ ಅಂದರೆ, ಅದು ಕಸವನ್ನು ಹೊರಗೆ ತರುವ ಬದಲು ಮೇಲೆ ತಟ್ಟೆಗೇ ಎಸೆಯುತ್ತದೆ. ಎರಡು ದಿನಕ್ಕೆ ಅದೇ ಕಸ ಮತ್ತೆ ಇಳಿಯುತ್ತದೆ. ಜೋರು ಹೆಚ್ಚಾದರೆ ರಬ್ಬರ್ ಮೊಣಕೈ ಡಬ್ಬಿಯ ಮೂತಿಯಿಂದ ಕಳಚಿಕೊಳ್ಳುತ್ತದೆ. ಆಗ ನೀರು ಫೈರ್‌ವಾಲಿನ ಒಳಮೈ ಹಿಡಿದು ನೇರ ಕಾರ್ಪೆಟ್ಟಿಗೆ. ನಿಮ್ಮದರಲ್ಲೂ ಅದು ಸರಿಯಾಗಿ ಕೂತಿದೆಯಾ ಅಂತ ಒಳಗಿಂದ ಕೈ ಹಾಕಿ ನೋಡಿ. ಹೊರಗಿನ ತುದಿ ಫೈರ್‌ವಾಲಿನಿಂದ ಒಂದಿಷ್ಟು ಮುಂದೆ ಬಂದು ಕೆಳಮುಖವಾಗಿರಬೇಕು. ತಗಡಿಗೆ ಸಮವಾಗಿ ನಿಂತರೆ ನೀರು ತಗಡು ಹಿಡಿದು ಹಿಂದಕ್ಕೆ ಬರುತ್ತದೆ. ಆ ರಬ್ಬರ್ ಬಿಸಿಗೆ ಗಟ್ಟಿಯಾಗಿದ್ದರೆ ಬದಲಿಸಿ. ಅದೇ ಅಳತೆಯ ಬೇರೆ ಗಾಡಿಯ ಪೈಪ್ ಆದರೂ ನಡೆಯುತ್ತದೆ. ಕೊನೆಗೆ ಮೇಲಿನಿಂದ, ಅಂದರೆ ಬ್ಲೋವರ್ ಬಿಚ್ಚಿದ ಜಾಗದಿಂದ, ಕಾಯಿಲಿನ ಮುಖಕ್ಕೆ ಮೃದುವಾದ ಬ್ರಷ್ ಆಡಿಸಿ ಅರ್ಧ ಲೀಟರ್ ನೀರು ನಿಧಾನ ಹಾಕಿ. ಹಾಕಿದಷ್ಟೂ ಕೆಳಗೆ ಬರಬೇಕು.

ಇಷ್ಟಾದ ಮೇಲೂ ಎಸಿ ಹಾಕಿದಾಗ ಒಳಗೆ ತೊಟ್ಟಿಕ್ಕಿದರೆ ಆಗ ಬೆವರುವ ಪೈಪ್ ನೋಡಬೇಕು. ಕೂಲಿಂಗ್ ಡಬ್ಬಿಗೆ ಬರುವ ಎರಡು ಅಲ್ಯುಮಿನಿಯಂ ಪೈಪುಗಳಲ್ಲಿ ದಪ್ಪದ್ದು ತಣ್ಣಗಿರುತ್ತದೆ. ಅದರ ಮೇಲಿನ ಫೋಮ್ ಉದುರಿದರೆ ನಮ್ಮ ಹವೆಗೆ ಅದು ಐಸ್ ನೀರಿನ ಚೊಂಬಿನ ಹಾಗೆ ಬೆವರುತ್ತದೆ. ಎಲ್ಲೂ ತೂತಿಲ್ಲ, ಆದರೂ ನೀರು. ಅದೇ ನೈಟ್ರೈಲ್ ಫೋಮ್ ಸುತ್ತಿ, ಗಾಳಿ ಒಳಗೆ ಹೋಗದ ಹಾಗೆ ಟೇಪ್ ಹಾಕಿದರೆ ಸಾಕು. ಇನ್ನೊಂದು, ದೂರ ಹೋಗುವಾಗ ತಂಪು ಕಡಿಮೆಯಾಗುತ್ತಾ ಬಂದು, ಗಾಳಿ ಕುಗ್ಗಿ, ಎಸಿ ಬಂದ್ ಮಾಡಿದ ಮೇಲೆ ಒಮ್ಮೆಲೇ ನೀರು ಸುರಿದರೆ ಅದು ಕಾಯಿಲಿನ ಮೇಲೆ ಕಟ್ಟಿದ ಐಸ್ ಕರಗಿದ್ದು. ಗ್ಯಾಸ್ ಕಡಿಮೆ ಇರಬಹುದು, ಥರ್ಮೋಸ್ಟಾಟ್ ಕೆಟ್ಟಿರಬಹುದು, ಕಾಯಿಲ್ ಕಸದಿಂದ ಮುಚ್ಚಿರಬಹುದು. ಅದು ಎಸಿಯವರ ಕೆಲಸ, ಗ್ಯಾಸಿನ ಪೈಪನ್ನು ನೀವು ಬಿಚ್ಚಬಾರದು.

ಡಬ್ಬಿ ನಿಜವಾಗಿ ಒಡೆದಿರಬಹುದು ಅನ್ನುವ ಎರಡನೆಯವರ ಮಾತನ್ನೂ ತಳ್ಳಿಹಾಕುವುದಿಲ್ಲ. ಎರಡು ಹೋಳು ಸೇರಿಸಿ ಕ್ಲಿಪ್ ಹಾಕಿದ ಡಬ್ಬಿ ಅದು. ಹಿಂದೆ ಯಾರಾದರೂ ಬಿಚ್ಚಿ ಹಾಕಿದಾಗ ಕ್ಲಿಪ್ ಕಳೆದಿದ್ದರೆ ಕೆಳಗಿನ ಜೋಡಣೆ ಬಾಯಿ ಬಿಡುತ್ತದೆ. ಆದರೆ ತಟ್ಟೆಯಲ್ಲಿ ನೀರು ನಿಲ್ಲದಿದ್ದರೆ ಆ ಜೋಡಣೆಯಿಂದ ಸೋರುವುದಕ್ಕೂ ಏನೂ ಇರುವುದಿಲ್ಲ. ಮೊದಲು ದಾರಿ ಬಿಡಿಸಿ ಎರಡು ವಾರ ಓಡಿಸಿ ನೋಡಿ. ಆಮೇಲೂ ಚಾಕ್ ಗೆರೆ ಜೋಡಣೆಯಲ್ಲೇ ಶುರುವಾದರೆ ಮಾತ್ರ ಡಬ್ಬಿ ಇಳಿಸುವ ಮಾತು. ಆಗ ಗ್ಯಾಸ್ ತೆಗೆಯಬೇಕು, ಹೊಸ ಓ-ರಿಂಗ್ ಹಾಕಬೇಕು, ಮತ್ತೆ ತುಂಬಬೇಕು. ಜೋಡಣೆಗೆ ಬ್ಯೂಟೈಲ್ ಟೇಪ್ ಒಳ್ಳೆಯದು, ಅದು ಗಟ್ಟಿಯಾಗುವುದಿಲ್ಲ. ಎಪಾಕ್ಸಿ ಮುದ್ದೆ ಮನೆಯ ನಳಕ್ಕೆ ಸರಿ, ಅಲುಗಾಡುವ ಪ್ಲಾಸ್ಟಿಕ್ಕಿಗೆ ಅಲ್ಲ. ಹೇಗೂ ಡಬ್ಬಿ ಇಳಿಸಿದರೆ ಹೀಟರ್ ಕಾಯಿಲನ್ನೂ ಅಲ್ಲೇ ಪರೀಕ್ಷಿಸಿಬಿಡಿ.

ಹೀಟರ್ ಮಾತು ಬಂತು, ಒಂದು ಎಚ್ಚರಿಕೆ. ಕಾರವಾರದಲ್ಲಿ ಹೀಟರ್ ಯಾರೂ ಹಾಕುವುದಿಲ್ಲ, ಹಾಗಾಗಿ ಆ ಕಾಯಿಲಿನಲ್ಲಿ ಕೂಲೆಂಟ್ ವರ್ಷಗಟ್ಟಲೆ ಹಳಸುತ್ತದೆ. ಮೇಲಿಂದ ರೇಡಿಯೇಟರಿಗೆ ಬಾವಿ ನೀರು ಹಾಕುವ ಅಭ್ಯಾಸ. ಕರಾವಳಿಯ ಬಾವಿಯಲ್ಲಿ ಉಪ್ಪಿನಂಶ ಇದ್ದರೆ ಅಲ್ಯುಮಿನಿಯಂ ಒಳಗಿಂದಲೇ ತೂತಾಗುತ್ತದೆ. ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ ಹಾಕಿ. ತಿಂಗಳಿಗೊಮ್ಮೆ ಐದು ನಿಮಿಷ ಹೀಟರ್ ಬಿಸಿಗೆ ಇಡಿ. ಎಂದಾದರೂ ಆ ಕಾಯಿಲ್ ಸೋರಿದರೆ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ನಮ್ಮ ಹಳೆಯ ಉಪಾಯ ಘಟ್ಟದ ನಡುವೆ ಮನೆ ಮುಟ್ಟಲು ಮಾತ್ರ. ಆಮೇಲೆ ಎಲ್ಲ ತೊಳೆಯಬೇಕು, ಇಲ್ಲದಿದ್ದರೆ ಸಣ್ಣ ನಾಳಗಳೆಲ್ಲ ಕಟ್ಟುತ್ತವೆ. ಕಾಯಿಲ್ ಬರುವ ತನಕ ಎರಡು ಹೀಟರ್ ಹೋಸುಗಳನ್ನು ಒಂದಕ್ಕೊಂದು ಜೋಡಿಸಿ ಓಡಿಸಬಹುದು. ತುದಿಗೆ ಬೆಣೆ ಹೊಡೆದು ಮುಚ್ಚಬೇಡಿ. ಕೆಲವು ಇಂಜಿನ್ನುಗಳಿಗೆ ಆ ಹರಿವು ಬೇಕಾಗುತ್ತದೆ.

ಗಾಜಿನ ಅಂಚು ಮತ್ತು ಬಾಗಿಲು ಉಳಿಯಿತು. ಗಾಜಿನ ಅಂಚಿನಿಂದ ಬಂದರೆ ಮಗ್ಗಿನ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ. ಬಾಗಿಲಿನ ಪ್ಯಾನೆಲ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಸ್ಪೀಕರ್ ಹಾಕಿಸುವಾಗ ಅದನ್ನು ಹರಿಯುತ್ತಾರೆ. ಹರಿದಿದ್ದರೆ ಟೇಪು ಹಾಕಿದರೆ ಸಾಕು.

ಕೊನೆಯ ಕೆಲಸ ಒಣಗಿಸುವುದು, ಇದರಲ್ಲೇ ಹೆಚ್ಚಿನವರು ಸೋಲುತ್ತಾರೆ. ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಕೆಳಗಿನ ದಪ್ಪ ಫೆಲ್ಟಿನಲ್ಲಿ ಲೀಟರುಗಟ್ಟಲೆ ನೀರು ಕೂತಿರುತ್ತದೆ. ಅಂಗೈ ಊರಿ ಮೈಭಾರ ಹಾಕಿ ಒತ್ತಿ ನೋಡಿ. ಎಡ ಸೀಟಿನ ಬೋಲ್ಟ್ ಬಿಚ್ಚಿ ಸೀಟು ತೆಗೆಯಿರಿ. ಫೆಲ್ಟನ್ನು ಮೊದಲು ಒಳ್ಳೆಯ ನೀರಲ್ಲಿ ತೊಳೆಯಿರಿ. ಒದ್ದೆಯನ್ನೇ ಮತ್ತೆ ತೊಳೆಯುವುದಾ ಅನ್ನಬೇಡಿ. ಬೀಚಿನಿಂದ ಬಂದ ಕಾಲಿನ ಉಪ್ಪು ಅದರಲ್ಲಿರುತ್ತದೆ. ಗಾಳಿಯ ತೇವ ಸುಮಾರು ಶೇಕಡಾ 75 ದಾಟಿದರೆ ಉಪ್ಪು ತಾನಾಗಿ ನೀರು ಎಳೆಯುತ್ತದೆ, ಮಳೆಗಾಲದ ಅಡುಗೆಮನೆಯ ಉಪ್ಪಿನ ಭರಣಿ ನೋಡಿದ್ದೀರಲ್ಲ. ತೊಳೆಯದ ಫೆಲ್ಟ್ ಎಷ್ಟು ಒಣಗಿಸಿದರೂ ಸೆಪ್ಟೆಂಬರ್ ತನಕ ತಣ್ಣಗೇ ಇರುತ್ತದೆ. ಶಿರಸಿ ಮನೆಯಲ್ಲಿ ಬಚ್ಚಲ ಒಲೆ ಮೇಲೆ ಬಟ್ಟೆ ಒಣಹಾಕುವ ಗಳ ಇದ್ದರೆ ಅಲ್ಲಿ ಹಾಕುವ ಆಸೆಯಾಗುತ್ತದೆ. ನಮ್ಮ ಗಿರಾಕಿಯೊಬ್ಬರು ಹಾಕಿದ್ದರು. ಒಣಗಿತು, ನಿಜ. ಆಮೇಲೆ ಎರಡು ವರ್ಷ ಗಾಡಿಯಲ್ಲಿ ಹೊಗೆ ವಾಸನೆ. ಫ್ಯಾನಿನ ಕೆಳಗೆ ಎರಡು ದಿನ ಹಾಕಿ, ಸಾಕು. ಆ ಹೊತ್ತಿಗೆ ತಗಡಿನ ತುಕ್ಕು ಉಜ್ಜಿ ಪ್ರೈಮರ್ ಹಚ್ಚಿ. ನೆಲದ ರಬ್ಬರ್ ಬಿರಡೆಗಳು ಅವುಗಳ ಜಾಗದಲ್ಲೇ ಇವೆಯಾ ನೋಡಿ. ನೀರು ಹೋಗಲಿ ಅಂತ ಅವನ್ನು ತೆಗೆದಿಡುವವರಿದ್ದಾರೆ, ಕೆಳಗಿಂದ ರಸ್ತೆಯ ನೀರು ಒಳಗೆ ಬರುತ್ತದೆ.

ಆಮೇಲೆ ಓಡಿಸುವಾಗ, ಗಾಡಿ ತಂಪಾದ ಮೇಲೆ ಹೊರಗಿನ ಗಾಳಿ ಬಂದ್ ಮಾಡಿ ಒಳಗಿನ ಗಾಳಿಯ ಗುಂಡಿಗೆ ಹಾಕಿ. ಒಮ್ಮೆ ತೇವ ಬಿಟ್ಟುಕೊಟ್ಟ ಗಾಳಿಯೇ ಸುತ್ತುವುದರಿಂದ ಕಾಯಿಲಿನಲ್ಲಿ ನೀರು ತುಂಬಾ ಕಡಿಮೆ ಹುಟ್ಟುತ್ತದೆ. ಗಾಜಿಗೆ ಮಂಜು ಬಂದರೆ ಮಾತ್ರ ಹೊರಗಿನ ಗಾಳಿಗೆ ತಿರುಗಿಸಿ, ಎಸಿ ಬಂದ್ ಮಾಡಬೇಡಿ. ಮನೆ ಮುಟ್ಟಲು ಎರಡು ಮೂರು ಕಿಲೋಮೀಟರ್ ಇರುವಾಗ ಎಸಿ ನಿಲ್ಲಿಸಿ ಬರೀ ಬ್ಲೋವರ್ ಓಡಲಿ, ಕಾಯಿಲ್ ಒಣಗುತ್ತದೆ, ವಾಸನೆ ಕಟ್ಟುವುದಿಲ್ಲ. ಜಾಲರಿ ಮತ್ತು ಪೈಪಿನ ಕೆಲಸ ಈ ಶನಿವಾರವೇ ಮಾಡಿ, ಒಂದು ಮಧ್ಯಾಹ್ನದ ಕೆಲಸ. ಬ್ಲೋವರ್ ಇಳಿಸುವುದನ್ನು ದಸರಾ ರಜೆಗೆ ಇಟ್ಟುಕೊಳ್ಳಬಹುದು, ಅಲ್ಲಿಯವರೆಗೆ ಗಾಡಿಯನ್ನು ಗಾಳಿಮರದ ಕೆಳಗೆ ನಿಲ್ಲಿಸಬೇಡಿ. ಚಾಕ್ ಗೆರೆ ನಾನು ಹೇಳಿದ ಎಡ ಮೂಲೆ ಬಿಟ್ಟು ಬೇರೆಲ್ಲಾದರೂ ಶುರುವಾದರೆ, ಒರೆಸುವ ಮೊದಲು ಒಂದು ಫೋಟೋ ತೆಗೆದು ಕಳಿಸಿ.